ಸುವರ್ಣಮ್ಮನ ಮೂರು ಬೆರಳು

ಸುವರ್ಣಮ್ಮನಿಗೆ ತನ್ನ ಕೈಗಳ ಬಗ್ಗೆ ಸ್ವಲ್ಪ ಜಂಬವೇ ಇತ್ತು. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಯಾರ ಮಗುವಿನ ಕಾಲಿಗೆ ಮುಳ್ಳು ಚುಚ್ಚಿದರೂ ಅವಳನ್ನೇ ಕರೆಯುತ್ತಿದ್ದರು. ಸೂಜಿಯ ತುದಿಯಿಂದ ಒಂದು ಸಲ ಮೀಟಿದರೆ ಮುಳ್ಳು ಈಚೆ. ಮಗುವಿಗೆ ಅಳಲು ಪುರುಸೊತ್ತೇ ಸಿಗುತ್ತಿರಲಿಲ್ಲ. ಗಂಟು ಬಿದ್ದ ಸರ ಬಿಡಿಸುವುದಕ್ಕೆ, ಮೂಗುಬೊಟ್ಟಿನ ತಿರುಪು ತಿರುಗಿಸುವುದಕ್ಕೆ ಅವಳ ಬೆರಳೇ ಆಗಬೇಕು. ಅರವತ್ತೊಂಬತ್ತರ ಕಾರ್ತೀಕದಲ್ಲಿ ವಿಷಮಶೀತ ಜ್ವರ ಬಂದು ಅವಳು ತೀರಿಕೊಂಡಳು. ನಲವತ್ತು ತುಂಬಿರಲಿಲ್ಲ. ಕೊನೆಯ ದಿನಗಳಲ್ಲಿ ಹಾಸಿಗೆಯ ಮೇಲೆ ಆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಇದ್ದಳು. ನೋಡಲು ಬಂದವರು ಚಳಿಯಿರಬೇಕು ಎಂದುಕೊಂಡು ಇನ್ನೊಂದು ಕಂಬಳಿ ಹೊದಿಸಿದರು.

ಕೈ ಮುಚ್ಚಿಕೊಳ್ಳುವ ಅಭ್ಯಾಸ ಅವಳಿಗೆ ಬಂದದ್ದು ಅರವತ್ತಾರನೇ ಇಸವಿಯಲ್ಲಿ.

ಅವಳ ತವರು ಚನ್ನರಾಯಪಟ್ಟಣ. ತಂದೆ ವಿಭೂತಿ ಮಾಡಿ ಮಾರುತ್ತಿದ್ದರು. ಹಸುವಿನ ಸಗಣಿಯ ಬೆರಣಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿ ಬಸಿದು, ಗಟ್ಟಿ ಕಟ್ಟಿ ಒಣಗಿಸುವ ಕೆಲಸ. ಸೋಸುವುದು ಸುವರ್ಣಮ್ಮನ ಪಾಲಿಗೆ. ಬೆರಳಲ್ಲಿ ಉಜ್ಜಿದರೆ ಒಂದೇ ಒಂದು ಹರಳು ಸಿಕ್ಕಿದರೂ ತಂದೆ ಇಡೀ ಪಾತ್ರೆಯನ್ನು ಮತ್ತೆ ಸೋಸಲು ಹೇಳುತ್ತಿದ್ದರು. "ಬೆಂಕಿಲಿ ಬೆಂದು, ನೀರಲ್ಲಿ ನೆಂದು, ಬಟ್ಟೇಲಿ ಸೋಸಿ ಬಂದದ್ದು ಕಣವ್ವಾ. ಇದಕ್ಕಿಂತ ಚೊಕ್ಕಟ ಇನ್ಯಾವುದಿದ್ದಾತು?" ಎನ್ನುತ್ತಿದ್ದರು. ಅವರ ಗಟ್ಟಿಗೆ ಅರಕಲಗೂಡು, ಕೊಣನೂರು ಸಂತೆಯವರೆಗೂ ಹೆಸರಿತ್ತು. ಅರಕಲಗೂಡಿನ ಜವಳಿ ವ್ಯಾಪಾರಿ ಪಂಚಾಕ್ಷರಯ್ಯನವರು ತಮ್ಮ ಕಿರಿಯ ಮಗ ಷಡಕ್ಷರಿಗೆ ಅವಳನ್ನು ತಂದುಕೊಂಡದ್ದೂ ಆ ವಿಭೂತಿಯ ನಂಬಿಕೆಯ ಮೇಲೆಯೇ. "ಇಷ್ಟು ನುಣುಪಾಗಿ ಗಟ್ಟಿ ಮಾಡೋ ಮನೇಲಿ ಹೆಣ್ಣು ಒರಟಾಗಿ ಬೆಳೆದಿರಾಕಿಲ್ಲ" ಎಂದಿದ್ದರಂತೆ.

ಷಡಕ್ಷರಿ ಹೊಳೆನರಸೀಪುರದಲ್ಲಿ ಸರ್ಕಾರಿ ಇಂಜಿನಿಯರ ಕಚೇರಿಯಲ್ಲಿ ಟ್ರೇಸರ್ ಆಗಿದ್ದ. ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುವಾದ ಬಟ್ಟೆ ಹಾಸಿ, ಗೆರೆಯ ಮೇಲೆ ಗೆರೆ ಬರುವಂತೆ ಕರಿಯ ಶಾಯಿಯಲ್ಲಿ ಎಳೆಯುವುದು ಅವನ ಕೆಲಸ. ಮಾತು ಕಡಿಮೆ. ಮಕ್ಕಳಿರಲಿಲ್ಲ. ಸಂಜೆ ಮನೆಗೆ ಬಂದರೆ ಹೆಂಡತಿ ಸೊಪ್ಪು ಬಿಡಿಸುವುದನ್ನು ನೋಡುತ್ತ ಜಗಲಿಯ ಮೇಲೆ ಕೂರುತ್ತಿದ್ದ. ಇಬ್ಬರಿಗೂ ಅಷ್ಟೇ ಸಾಕಾಗಿತ್ತು.

ಮದುವೆಯಾಗಿ ಆರೇಳು ವರ್ಷವಾಗಿರಬೇಕು, ಒಂದು ಗೆರೆ ಅವನಿಗೆ ಎರಡಾಗಿ ಕಾಣತೊಡಗಿತು. ಆಮೇಲೆ ಮೂರಾಯಿತು. ಕನ್ನಡಕ ಹಾಕಿದ, ಬದಲಾಯಿಸಿದ, ಮತ್ತೆ ಬದಲಾಯಿಸಿದ. ದೀಪದ ಸುತ್ತ ಬಾಲ ಬೆಳೆದ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಪೂಜೆಗೆ ಕೂತು ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈ ಮೇಲಿಟ್ಟುಕೊಂಡರೆ ಅದೂ ಕಲಸಿಹೋದ ಕಪ್ಪು ಮುದ್ದೆ. "ದೇವ್ರನ್ನೂ ಅಂದಾಜಲ್ಲೇ ನೋಡ್ಬೇಕಾಯ್ತು ಕಣೆ" ಎಂದು ಒಂದು ದಿನ ನಕ್ಕ. ಆ ನಗು ಸುವರ್ಣಮ್ಮನಿಗೆ ಹಿಡಿಸಲಿಲ್ಲ.

ಮೈಸೂರಿನಲ್ಲಿ ವಿದೇಶದಲ್ಲಿ ಓದಿ ಬಂದ ಕಣ್ಣಿನ ಡಾಕ್ಟರೊಬ್ಬರು ಕ್ಲಿನಿಕ್ ತೆರೆದಿದ್ದರು. ರೈಲು ಹತ್ತಿ ಅಲ್ಲಿಗೆ ಹೋದರು. ಕರಿಗುಡ್ಡೆಯ ಮೇಲಿರುವ ಗಾಜಿನಂಥ ಪೊರೆ ದುಂಡಗಿರಬೇಕು, ಇವನದು ತೆಳುವಾಗುತ್ತ ಮುಂದಕ್ಕೆ ಚೂಪಾಗುತ್ತಿದೆ, ಕನ್ನಡಕದಿಂದ ಸರಿಹೋಗುವುದಿಲ್ಲ, ಕಣ್ಣಿನ ಮೇಲೆಯೇ ಕೂರುವ ಕಾಂಟ್ಯಾಕ್ಟ್ ಲೆನ್ಸ್ ಆಗಬೇಕು ಎಂದು ಡಾಕ್ಟರು ಹೇಳಿದರು. ಆ ಕಾಲಕ್ಕೆ ಅದರ ಹೆಸರು ಕೇಳಿದವರೇ ನಮ್ಮ ಕಡೆ ಇರಲಿಲ್ಲ. ಅಳತೆ ತೆಗೆದು ಮದರಾಸಿಗೆ ಕಳಿಸಿ ತರಿಸಿದರು. ಅಂಗಿಯ ಗುಂಡಿಗಿಂತ ಚಿಕ್ಕದಾದ, ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಬಿಲ್ಲೆಗಳು. ಅವುಗಳನ್ನು ನೋಡಿಕೊಳ್ಳುವುದು ಹೇಗೆಂದು ಡಾಕ್ಟರು ಒಳಗೆ ಷಡಕ್ಷರಿಗೆ ಬಹಳ ಹೊತ್ತು ಹೇಳಿದರು. ಸುವರ್ಣಮ್ಮ ಹೊರಗೆ ವರಾಂಡದ ಬೆಂಚಿನ ಮೇಲೆ, ಬುತ್ತಿಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಳಗೆ ಬರಬೇಕೆಂದು ಅವಳಿಗೂ ತೋಚಲಿಲ್ಲ, ಕರೆಯಬೇಕೆಂದು ಅವರಿಗೂ ತೋಚಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಅವನು ಕೇಳಿದ್ದನ್ನೆಲ್ಲ ಅವಳಿಗೆ ಒಪ್ಪಿಸಿದ.

"ಮುಟ್ಟೋಕೆ ಮುಂಚೆ ಸೋಪು ಹಾಕಿ ಕೈ ತೊಳೀಬೇಕಂತೆ. ಈ ಸೀಸೆ ಔಷಧಿ ಬಿಟ್ಟು ಬ್ಯಾರೆ ನೀರು ಸೋಕಿಸಬಾರದಂತೆ. ರಾತ್ರಿ ತೆಗೆದಿಟ್ಟೇ ಮಲಗಬೇಕಂತೆ. ಕಣ್ಣು ಕೆಂಪಾದ್ರೆ ಆಕ್ಕೋಬಾರದು, ಓಡಿ ಬರಬೇಕಂತೆ. ಎಂಜಲು ಮಾತ್ರ ಮುಟ್ಟಿಸಲೇಬಾರದಂತೆ."

"ಎಂಜಲಾ? ಎಂಜಲು ಯಾರು ಕಣ್ಣಿಗೆ ಹಚ್ತಾರೆ, ನಾವೇನು ಬೆಕ್ಕಿನ ಜಾತಿಯಾ?"

"ಬಿಲ್ಲೆ ಒದ್ದೆ ಮಾಡೋಕೆ ನಾಲಗೆ ಮೇಲಿಟ್ಕೊಳ್ಳೋರೂ ಇದ್ದಾರಂತೆ."

"ಥೂ!" ಎಂದು ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕಳು. ಶುಚಿಯ ವಿಷಯದಲ್ಲಿ ತನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ನಗು ಅದು.

ಮಾರನೆಯ ದಿನ ಕಷ್ಟ ಗೊತ್ತಾಯಿತು. ಷಡಕ್ಷರಿಯ ರೆಪ್ಪೆ ಅವನ ಮಾತನ್ನೇ ಕೇಳುತ್ತಿರಲಿಲ್ಲ. ಬೆರಳು ಹತ್ತಿರ ಬಂದರೆ ಬಾಗಿಲು ಹಾಕಿಕೊಂಡ ಹಾಗೆ ಮುಚ್ಚಿಕೊಳ್ಳುತ್ತಿತ್ತು. ಬಿಲ್ಲೆ ಕೆನ್ನೆಗೆ ಅಂಟುತ್ತಿತ್ತು, ಮೀಸೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ಸುವರ್ಣಮ್ಮ, "ಕೊಡಿ ಇಲ್ಲಿ. ಮ್ಯಾಲಕ್ಕೆ ನೋಡಿ. ಉಸ್ರು ಬಿಡಿ" ಎಂದು ಎಡಗೈಯಲ್ಲಿ ರೆಪ್ಪೆ ಬಿಡಿಸಿ, ಬಲಗೈ ಬೆರಳ ತುದಿಯಿಂದ ಹೂ ಏರಿಸಿದಷ್ಟು ಹಗುರವಾಗಿ ಕೂರಿಸಿಬಿಟ್ಟಳು. ಇನ್ನೊಂದೂ ಆಯಿತು. ಅವನು ಪೂಜೆಗೆ ಕೂತು ಅಂಗೈ ನೋಡಿಕೊಂಡವನು ಏಳಲೇ ಇಲ್ಲ. ಒಂದೇ ಲಿಂಗ, ಅದರ ಮೇಲೆ ದೀಪದ ಒಂದೇ ಬೊಟ್ಟು. "ಸುವರ್ಣಾ, ಒಂದೇ ಕಣೆ! ಒಂದೇ!" ಎಂದು ಮಗುವಿನ ಹಾಗೆ ಕೂಗಿದ. ಅಂದಿನಿಂದ ಬೆಳಿಗ್ಗೆ ಹಾಕುವುದು, ಸಂಜೆ ಕಣ್ಣಿನ ಕೊನೆ ಎಳೆದು ಅಂಗೈಗೆ ಬೀಳಿಸಿಕೊಳ್ಳುವುದು, ಡಬ್ಬಿಯಲ್ಲಿಡುವುದು ಎಲ್ಲ ಅವಳದೇ ಕೆಲಸವಾಯಿತು. ಡಾಕ್ಟರ ಹತ್ತಿರ ಅವನು ಈ ವಿಷಯ ಹೇಳಲಿಲ್ಲ. ಗಂಡಸು ಹೆಂಡತಿಯ ಕೈಲಿ ಹಾಕಿಸಿಕೊಳ್ಳುವುದೆಂದರೆ ನಾಚಿಕೆ.

ಮೊದಲ ತಿಂಗಳುಗಳಲ್ಲಿ ಎಲ್ಲ ಹೇಳಿದ ಹಾಗೆಯೇ ನಡೆಯಿತು. ಆಮೇಲೆ ಸುವರ್ಣಮ್ಮನ ಬೆಳಗಿನ ಕೆಲಸಗಳ ಸಾಲಿನಲ್ಲಿ ಲೆನ್ಸೂ ತನ್ನ ಜಾಗ ಹುಡುಕಿಕೊಂಡಿತು. ಅವಳು ಸ್ನಾನ ಮಾಡಿ ಪೂಜೆ ಮುಗಿಸಬೇಕು, ಆಮೇಲೆ ಅವನಿಗೆ ಲೆನ್ಸ್ ಹಾಕಬೇಕು, ಆಮೇಲೆ ಅವನು ಪೂಜೆಗೆ ಕೂರಬೇಕು. ಪೂಜೆ ಮುಗಿಸಿ ಏಳುವಾಗ ಅವಳ ಮೂರು ಬೆರಳುಗಳಲ್ಲಿ ವಿಭೂತಿ ಇರುತ್ತಿತ್ತು. ಸ್ನಾನದಲ್ಲಿ ಸೋಪು ಹಾಕಿ ತೊಳೆದ ಕೈ ತಾನೆ? ಈಗ ತಾನೆ ಹಚ್ಚಿಕೊಂಡ ವಿಭೂತಿಯನ್ನು ಬಚ್ಚಲಲ್ಲಿ ಸೋಪು ಹಾಕಿ ತೊಳೆಯುವುದುಂಟೇ? ಸೆರಗಿನ ತುದಿಗೆ ಒರೆಸಿಕೊಂಡು ಡಬ್ಬಿ ತೆಗೆಯುತ್ತಿದ್ದಳು. ಲೆನ್ಸ್ ಇಲ್ಲದೆ ಷಡಕ್ಷರಿಗೆ ಅವಳ ಮುಖವೇ ಕಾಣದು, ಬೆರಳ ಬಿಳುಪು ಕಾಣುವುದೆಲ್ಲಿ ಬಂತು?

ಅರವತ್ತಾರರ ಶಿವರಾತ್ರಿಯ ಆಸುಪಾಸಿನಲ್ಲಿ ಸೀಸೆಯ ಔಷಧಿ ಮುಗಿಯಿತು. ಮೈಸೂರಿನಿಂದ ಬರುವುದು ತಡವಾಯಿತು. ಬಾವಿಯ ನೀರು ಕೂಡದು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಲಿಂಗಕ್ಕೆ ಎರೆದ ನೀರು ಬಟ್ಟಲಲ್ಲಿತ್ತು. ಪಾದೋದಕ. ತಾನು ಕುಡಿದು ಗಂಡನಿಗೂ ಕೊಡುವ ನೀರು. ಅದಕ್ಕಿಂತ ಶುದ್ಧವಾದ ನೀರು ಅವಳ ಮನೆಯಲ್ಲಿ ಇನ್ನೊಂದಿರಲಿಲ್ಲ. ಬಿಲ್ಲೆಗಳನ್ನು ಅದರಲ್ಲೇ ಅದ್ದಿದಳು. ಗಂಡನಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥ ವಿಷಯವೆಂದು ಅನಿಸಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ಒಂದು ಸಮಾಧಾನವೂ ಆಗಿತ್ತು: ಎಲ್ಲಿಯದೋ ಪ್ಲಾಸ್ಟಿಕ್ಕು, ಈಗ ಲಿಂಗದ ನೀರು ಮುಟ್ಟಿತು, ಇನ್ನು ಭಯವಿಲ್ಲ.

ಕೆಲವು ದಿನ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಎಡಗಣ್ಣು ಕೆಂಪಾಗಿತ್ತು.

"ಉರೀತದೆ ಕಣೆ. ಮರಳು ಬಿದ್ದಂಗದೆ."

ಅವಳು ಹಿತ್ತಿಲಿನ ನಂದಿಬಟ್ಟಲು ಹೂ ತಂದು ಕಣ್ಣ ಮೇಲೆ ಒತ್ತಿದಳು. ಅಂದು ಹಾಸನದಿಂದ ಮೇಲಿನ ಸಾಹೇಬರು ಕಚೇರಿಗೆ ಬರುವವರಿದ್ದರು. ಲೆನ್ಸ್ ಇಲ್ಲದೆ ಹೋದರೆ ಮೇಜಿನ ಮುಂದೆ ಗೊಂಬೆಯ ಹಾಗೆ ಕೂರಬೇಕು.

"ಕೆಂಪಾದ್ರೆ ಬ್ಯಾಡ ಅಂದಿದ್ರಲ್ಲವಾ?" ಎಂದ ಅವನು.

"ಇವತ್ತೊಂದು ದಿನ. ಸಂಜೆ ಬ್ಯಾಗ ತೆಗೆದ್ಬುಡಾನ" ಎಂದು ಅವಳೇ ಹಾಕಿದಳು.

ಸಂಜೆ ತೆಗೆಯುವಾಗ ಅವನು ಹಲ್ಲು ಕಚ್ಚಿಕೊಂಡು ಗೋಡೆ ಹಿಡಿದುಕೊಂಡ. ಕರಿಗುಡ್ಡೆಯ ಮೇಲೆ ರವೆಯಷ್ಟು ಬೆಳ್ಳಗೆ ಕಾಣಿಸಿತು. ಬೆಳಗಾಗುವಷ್ಟರಲ್ಲಿ ಅದು ಅವರೆಕಾಳಿನಷ್ಟಾಗಿತ್ತು.

ಷಡಕ್ಷರಿಯ ಅಣ್ಣ ದೊಡ್ಡಯ್ಯ ಜವಳಿ ತರಲು ಮೈಸೂರಿಗೆ ಹೊರಟವನು ಹಿಂದಿನ ರಾತ್ರಿ ಅವರ ಮನೆಯಲ್ಲೇ ತಂಗಿದ್ದ. ಮೂವರೂ ಮೊದಲ ರೈಲು ಹಿಡಿದರು. ಈ ಸಲ ಸುವರ್ಣಮ್ಮ ವರಾಂಡದಲ್ಲಿ ಕೂರಲಿಲ್ಲ. ಗಂಡನ ಕೈ ಬಿಡಲಾರದೆ ಒಳಗೇ ಬಂದಳು. ಡಾಕ್ಟರು ಅವನ ಗಲ್ಲವನ್ನು ಯಂತ್ರದ ಮೇಲಿಡಿಸಿ ಬೆಳಕು ಬಿಟ್ಟು ನೋಡಿದರು. ಎಡಗಣ್ಣಿನ ಬಿಲ್ಲೆಯನ್ನು ಭೂತಗನ್ನಡಿಯ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖ ಗಂಟಿಕ್ಕಿತು.

"ಏನ್ರೀ ಇದು? ಒಳಗಡೆಗೆಲ್ಲಾ ಬೂದಿ ಹತ್ತಿದೆ. ಹುಣ್ಣಿನ ಅಂಚಿನಲ್ಲೂ ಇದೆ. ಈ ಬೂದಿ ಗೀರಿದ ಜಾಗದಲ್ಲೇ ಕೀವು ಕಟ್ಟಿರೋದು. ಸಿಗರೇಟು ಸೇದ್ತೀರಾ?"

ಬೂದಿ ಎಂಬ ಮಾತು ಕಿವಿಗೆ ಬಿದ್ದ ಕ್ಷಣ ಸುವರ್ಣಮ್ಮನ ಮೂರು ಬೆರಳುಗಳು ತಣ್ಣಗಾದವು. ಬೆಳಗಿನ ವಿಭೂತಿ ಇನ್ನೂ ಉಗುರಿನ ಸಂದಿಯಲ್ಲಿತ್ತು. ಷಡಕ್ಷರಿ ನೀರು ಸುರಿಯುವ ಕಣ್ಣನ್ನು ಅವಳ ಕಡೆ ತಿರುಗಿಸಿದ. ಅವನಿಗೆ ಅವಳು ಕಾಣುತ್ತಿರಲಿಲ್ಲ, ಆದರೆ ಅವಳ ಕೈ ಅವನ ಕೈಯಲ್ಲಿತ್ತು. ಆ ಬೆರಳುಗಳ ಮೇಲೆ ತನ್ನ ಹೆಬ್ಬೆರಳನ್ನು ಒಂದು ಸಲ ಎಳೆದ.

"ಹೂಂ ಸಾ," ಎಂದ. "ಬೀಡಿ ಸೇದ್ತೀನಿ."

"ಏನ್ಲಾ!" ಎಂದು ದೊಡ್ಡಯ್ಯ ಎದ್ದೇಬಿಟ್ಟ. "ಎಲ್ಲಿ ಕಲ್ತ್ಯೋ ಇದನ್ನ? ಕೊರಳಾಗೆ ಲಿಂಗ ಇಟ್ಕಂಡು ಬೀಡಿ ಸೇದ್ತೀಯೇನ್ಲಾ?"

"ಕಚೇರೀಲಿ ಅಭ್ಯಾಸ ಆಗೋಯ್ತು ಕಣಣ್ಣ."

ಡಾಕ್ಟರು ಕೈ ತೊಳೆದುಕೊಂಡು ಬಂದರು. "ಅಷ್ಟು ಹೇಳಿದ್ದೆ. ಬೀಡಿ ಹಿಡಿದ ಕೈಯಲ್ಲೇ ಲೆನ್ಸ್ ಮುಟ್ಟಿದ್ದೀರಿ. ಎಡಗಣ್ಣು ಎಷ್ಟು ಉಳಿಯುತ್ತೋ ನೋಡಬೇಕು. ಬಲಗಣ್ಣಿಗೂ ಇದೇ ಗತಿ ಆಗೋದು ನನಗೆ ಬೇಡ. ನಿಮ್ಮಂಥವರಿಗೆ ಲೆನ್ಸ್ ಕೊಟ್ಟಿದ್ದೇ ನನ್ನ ತಪ್ಪು" ಎಂದು ಬಲಗಣ್ಣಿನ ಬಿಲ್ಲೆಯನ್ನು ಡಬ್ಬಿಯ ಸಮೇತ ತಮ್ಮ ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿದರು.

ಸುವರ್ಣಮ್ಮನ ಬಾಯಿ ತೆರೆದಿತ್ತು. ದೊಡ್ಡಯ್ಯ ಎದುರಿಗಿದ್ದ. ಮಾವನವರ ಮುಖ, ತಂದೆಯ ವಿಭೂತಿ, ಅರಕಲಗೂಡಿನ ಮನೆಯ ಪಡಸಾಲೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಇನ್ನೊಂದು ಕ್ಷಣ, ಇನ್ನೊಂದು ಕ್ಷಣ ಎನ್ನುವಷ್ಟರಲ್ಲಿ ನರ್ಸು ಬಂದು ಷಡಕ್ಷರಿಯನ್ನು ಒಳಗೆ ಕರೆದುಕೊಂಡು ಹೋದಳು. ಆ ಕ್ಷಣ ದಾಟಿಹೋಯಿತು.

ಹುಣ್ಣು ಮಾಯಿತು, ಎಡಗಣ್ಣಿನಲ್ಲಿ ಹೂ ಬಿದ್ದು ಉಳಿಯಿತು. ಬಿಳಿಯ, ಗಟ್ಟಿಯಾದ ಹೂ. ಬೆಳಕು ಕತ್ತಲೆ ಬಿಟ್ಟರೆ ಅದರಲ್ಲಿ ಇನ್ನೇನೂ ಕಾಣುತ್ತಿರಲಿಲ್ಲ. ಬಲಗಣ್ಣಿಗೆ ಲೆನ್ಸ್ ಇದ್ದರೆ ಕೂದಲೆಳೆಯೂ ಕಾಣುತ್ತಿತ್ತು. ಇಲ್ಲದೆ ಎದುರಿಗೆ ಬಂದವರ ಗುರುತೂ ಹತ್ತುತ್ತಿರಲಿಲ್ಲ. ಬಿಲ್ಲೆ ಮೈಸೂರಿನ ಖಾನೆಯಲ್ಲಿತ್ತು. ಮನುಷ್ಯ ಮನೆಯ ಜಗಲಿಯ ಮೇಲೆ ಕೂತಿದ್ದ.

ಬೀಡಿಯ ಸುದ್ದಿ ದೊಡ್ಡಯ್ಯನಿಗಿಂತ ಮುಂಚೆ ಅರಕಲಗೂಡು ತಲುಪಿತೋ ಏನೋ. ಪಂಚಾಕ್ಷರಯ್ಯನವರು ಮಗನ ಮನೆಗೆ ಬರುವುದನ್ನು ನಿಲ್ಲಿಸಿದರು. ಹಾಲು ಹಾಕುವ ಲಕ್ಕಮ್ಮ ಕೂಡ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದಳು:

"ಅಲ್ಲ ಕಣವ್ವಾ, ನಿಮ್ಮೆಜಮಾನ್ರು ಬೀಡಿ ಸೇದಿ ಕಣ್ಣು ಕಳಕಂಡ್ರಂತೆ? ನಮ್ಮನೆಯೋನು ದಿನಕ್ಕೊಂದು ಕಟ್ಟು ಸೇದ್ತನೆ, ಅವನ ಕಣ್ಣಿಗೇನೂ ಆಗಿಲ್ವಲ್ಲ! ಅದೇನು ಕಣ್ಣಿಗೇ ಹಚ್ಕಂಡ್ರಾ?"

"ಹಾಲು ಹಾಕಿ ನಡಿ ಲಕ್ಕಮ್ಮಾ."

"ಸಿಟ್ಯಾಕವ್ವಾ, ಊರು ಮಾತಾಡ್ತದೆ, ನಾ ಕೇಳ್ದೆ."

ಜಗಲಿಯ ಮೇಲಿದ್ದ ಷಡಕ್ಷರಿ, "ಬುಟ್ಬುಟ್ಟಿದೀನಿ ಕಣಮ್ಮ ಲಕ್ಕಮ್ಮ, ಈಗ ಸೇದಕಿಲ್ಲ" ಎಂದ. ಲಕ್ಕಮ್ಮ ನಕ್ಕುಕೊಂಡು ಹೋದಳು. ಸುವರ್ಣಮ್ಮ ಹಾಲಿನ ಪಾತ್ರೆ ಹಿಡಿದು ಒಳಗೆ ನಿಂತೇ ಇದ್ದಳು.

ಅವನು ಅವಳನ್ನು ಒಂದು ಮಾತೂ ಕೇಳಲಿಲ್ಲ. ಹೇಗೆ ಆಯಿತು ಎಂದು ಕೇಳಲಿಲ್ಲ, ಯಾಕೆ ಕೈ ತೊಳೆಯಲಿಲ್ಲ ಎಂದು ಕೇಳಲಿಲ್ಲ. ಊಟಕ್ಕೆ ಕೂತರೆ ತಟ್ಟೆ ತಡವಿ, "ಇವತ್ತು ಸಾರು ಸೊಗಸಾಗದೆ" ಎನ್ನುತ್ತಿದ್ದ. ಅವಳಿಗೆ ಅದು ಸಾರಿನ ಮಾತಾಗಿ ಕೇಳುತ್ತಿರಲಿಲ್ಲ. ಪೂಜೆಗೆ ಕೂತರೆ ವಿಭೂತಿಯ ಗಟ್ಟಿಯನ್ನು ಒಂದೇ ಬೆರಳಿನಿಂದ ಮುಟ್ಟಿ ಕೈ ಒರೆಸಿಕೊಳ್ಳುತ್ತಿದ್ದಳು. ವಿಭೂತಿಯದೇನು ತಪ್ಪು? ಅದನ್ನು ಹಣೆಗೆ ಹಚ್ಚಿಕೊಳ್ಳಲು ಕೊಟ್ಟಿದ್ದರು. ಕಣ್ಣೊಳಗೆ ತುಂಬಿದವಳು ತಾನು. ಕೆಂಪಾದಾಗ ಓಡಿ ಬಾ ಎಂದಿದ್ದರು. ಇವತ್ತೊಂದು ದಿನ ಎಂದವಳು ತಾನು. ಇಷ್ಟಾದ ಮೇಲೂ ಮೈಸೂರಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತವಳೂ ತಾನೇ. ಮುಳ್ಳು ತೆಗೆಯಲು ಯಾರಾದರೂ ಕರೆದರೆ, "ನಂಗೀಗ ಕಣ್ಣು ಸರಿಯಾಗಿ ಕಾಣಾಕಿಲ್ಲ" ಎಂದು ಸುಳ್ಳು ಹೇಳಿ ಕೈಗಳನ್ನು ಸೆರಗಿಗೆ ಸುತ್ತಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಕಚೇರಿಯ ಜವಾನ ಬೋರಪ್ಪ ಬಂದ. ಜಗಲಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹೇಳಬೇಕಾದದ್ದನ್ನು ಹೇಳಲಾರದೆ ಮಳೆಯ ಮಾತು, ರಾಗಿಯ ಮಾತು ಆಡಿದ.

"ಅದೇನು ಬಂದದ್ದು ಹೇಳ್ಬುಡು ಬೋರಪ್ಪ" ಎಂದ ಷಡಕ್ಷರಿ.

"ಸಾಹೇಬ್ರು ಎಷ್ಟು ದಿನಾಂತ ತಡೀತಾರೆ ಸಾ? ನಿಮ್ಮ ಮೇಜಿಗೆ ಬ್ಯಾರೆಯೋರನ್ನ ಆಕ್ತಾರಂತೆ. ಬರೋ ತಿಂಗ್ಳಿಂದ ನಿಮ್ಗೆ ಗೋಡೌನು ಕಾಯೋ ಕೆಲ್ಸ. ಇಲ್ದಿದ್ರೆ ರಾಜೀನಾಮೆ. ನಿಮ್ಮ ಶಾಯಿ ಪೆನ್ನು ಎಲ್ಲಾ ಒಂದು ಡಬ್ಬೀಲಿ ಆಕಿ ಮಡಗಿವ್ನಿ ಸಾ. ಯಾರಿಗೂ ಮುಟ್ಟಗೊಡ್ಸಿಲ್ಲ."

"ಗೋಡೌನು ಕಾಯೋಕೂ ಕಣ್ಣು ಬೇಕಲ್ಲೋ ಬೋರಪ್ಪ" ಎಂದ ಷಡಕ್ಷರಿ.

ಮಾರನೆಯ ಬೆಳಿಗ್ಗೆ ಸುವರ್ಣಮ್ಮ ಗಂಡನಿಗೆ, ತಂದೆಗೆ ಹುಷಾರಿಲ್ಲವಂತೆ, ಚನ್ನರಾಯಪಟ್ಟಣಕ್ಕೆ ಹೋಗಿ ಬರುತ್ತೇನೆ ಎಂದು ಹೇಳಿ ಹೊರಟಳು. ಬಸ್ ನಿಲ್ದಾಣ ದಾಟಿ ರೈಲ್ವೆ ಸ್ಟೇಷನ್ನಿಗೆ ನಡೆದಳು. ಅದುವರೆಗೆ ಅವಳು ಒಬ್ಬಳೇ ರೈಲು ಹತ್ತಿದವಳಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಡಾಕ್ಟರ ಮುಂದೆ ನಿಂತಾಗ ಜೋಡಿಸಿದ್ದು ಒಂದೂ ನೆನಪಾಗಲಿಲ್ಲ.

"ಅವ್ರು ಬೀಡಿ ಸೇದೋರಲ್ಲ ಸಾ. ಬೂದಿ ನಂದು."

ಡಾಕ್ಟರು ತಲೆಯೆತ್ತಿ ನೋಡಿದರು. ಅವಳು ಮೂರು ಬೆರಳುಗಳನ್ನು ಮುಂದೆ ಹಿಡಿದಳು. ಆಮೇಲೆ ಮಾತು ತಾನಾಗಿ ಬಂತು. ಲೆನ್ಸ್ ಹಾಕುತ್ತಿದ್ದವಳು ತಾನು, ಪೂಜೆಯ ಕೈ, ಸೆರಗಿಗೆ ಒರೆಸಿದ್ದು, ಮುಗಿದ ಸೀಸೆ, ಬಟ್ಟಲಿನ ನೀರು, ಕೆಂಪಾದ ಕಣ್ಣು, ನಂದಿಬಟ್ಟಲು. ಒಂದನ್ನೂ ಬಿಡಲಿಲ್ಲ.

"ಲಿಂಗಕ್ಕೆ ಎರೆದ ನೀರು ಎಷ್ಟು ಹೊತ್ತಿನಿಂದ ಬಟ್ಟಲಲ್ಲಿತ್ತು?"

"ಹಿಂದಿನ ದಿವ್ಸದ್ದೂ ಇರ್ತಿತ್ತು ಸಾ. ಚೆಲ್ಲಬಾರ್ದು ಅಂತ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ, ನಿಮ್ಮ ಪೂಜೆ ಬಗ್ಗೆ ನಾನು ಏನೂ ಹೇಳೋದಿಲ್ಲ. ಕುಡಿಯೋಕೆ ಅದು ತೀರ್ಥವೇ ಇರಬಹುದು. ಆದರೆ ನಿಂತ ನೀರಿನಲ್ಲಿ ಕಣ್ಣಿಗೆ ಕಾಣದ ಹುಳ ಬೆಳೆಯುತ್ತೆ. ಬೂದಿ ಎಷ್ಟು ನುಣುಪಾದರೂ ಕಣ್ಣಿನ ಪೊರೆಗೆ ಅದು ಮರ ಉಜ್ಜೋ ಉಪ್ಪುಕಾಗದ. ಬೂದಿ ಗೀರಿತು, ಗೀರಿದ ಜಾಗಕ್ಕೆ ಹುಳ ಹೊಕ್ಕಿತು. ಅಷ್ಟೇ ಆದದ್ದು."

"ಬೈದ್ಬುಡಿ ಸಾ."

"ಬೈದರೆ ಏನು ಬಂತು? ನಾನೂ ಒಂದು ಮಾತು ಕೇಳಬೇಕಾಗಿತ್ತು, ಲೆನ್ಸ್ ಹಾಕೋರು ಯಾರು ಅಂತ. ಕೇಳಲಿಲ್ಲ. ನಿಮ್ಮನ್ನ ಹೊರಗೇ ಕೂರಿಸಿದೆ." ಅವರು ಖಾನೆಯ ಬೀಗ ತೆಗೆದರು, ಆದರೆ ಡಬ್ಬಿಯನ್ನು ಅವಳ ಕೈಗೆ ಕೊಡಲಿಲ್ಲ. "ಅವರನ್ನ ಕರ್ಕೊಂಡು ಬನ್ನಿ. ತಾವೇ ಹಾಕಿಕೊಳ್ಳೋದು ಕಲಿತರೆ ಕೊಡ್ತೀನಿ. ನೀವು ಮಾತ್ರ ಇನ್ನು ಅದನ್ನ ಮುಟ್ಟಬೇಡಿ."

ಅವಳು ಆಗಲಿ ಎಂದು ತಲೆಯಾಡಿಸಿದಳು. ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಅವಳಿಗೇ ಆಶ್ಚರ್ಯ.

ಮನೆಗೆ ಬಂದು ಹೇಳಿದಾಗ ಷಡಕ್ಷರಿ, "ಚನ್ನರಾಯಪಟ್ಟಣಕ್ಕೆ ಓಗಿದ್ದೆ ಅಂದ್ಯಲ್ಲೇ?" ಎಂದ ಅಷ್ಟೇ.

ಕಲಿಯುವುದಕ್ಕೆ ಅವನಿಗೆ ವಾರಗಳೇ ಹಿಡಿದವು. ಕ್ಲಿನಿಕ್ಕಿನಲ್ಲಿ ಹಾಕಿಕೊಂಡ ಮೇಲೂ ಮನೆಯಲ್ಲಿ ಬೆಳಿಗ್ಗೆ ಕಷ್ಟವೇ. ಸೋಪು ಹಾಕಿ ಕೈ ತೊಳೆದು, ಒಗೆದ ಬಿಳಿಯ ಬಟ್ಟೆಯಲ್ಲಿ ಒರೆಸಿ, ತಟ್ಟೆಯ ಮೇಲೆ ಕನ್ನಡಿಯಿಟ್ಟು ಬಾಗುತ್ತಿದ್ದ. ಬಿಲ್ಲೆ ಜಾರಿ ತಟ್ಟೆಗೆ ಬೀಳುತ್ತಿತ್ತು. ಔಷಧಿಯಲ್ಲಿ ತೊಳೆದು ಮತ್ತೆ ಎತ್ತುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಸುವರ್ಣಮ್ಮ ನಿಂತಿರುತ್ತಿದ್ದಳು. ಅವಳ ಬೆರಳುಗಳಿಗೆ ಆ ಕೆಲಸ ಗೊತ್ತಿತ್ತು. ಒಂದು ಉಸಿರಿನಲ್ಲಿ ಮುಗಿಸುವ ಕೆಲಸ. ಕೈ ಹಿಂದೆ ಕಟ್ಟಿಕೊಂಡು ನಿಂತಿರುತ್ತಿದ್ದಳು.

"ಮ್ಯಾಲಕ್ಕೆ ನೋಡಿ" ಎನ್ನುತ್ತಿದ್ದಳು ಕೊನೆಗೆ ತಡೆಯಲಾರದೆ.

"ನೋಡ್ತಾ ಇವ್ನಿ ಕಣೆ. ನೀ ಅಲ್ಲೇ ಇರು."

ಬಲಗಣ್ಣು ಉಳಿಯಿತು. ಮೇಜೂ ಉಳಿಯಿತು. ಒಂದೇ ಕಣ್ಣಿನಲ್ಲಿ ಗೆರೆ ಎಳೆಯುವುದನ್ನು ಅವನು ನಿಧಾನವಾಗಿ ರೂಢಿ ಮಾಡಿಕೊಂಡ. ಉಳಿದದ್ದು ಬೀಡಿಯ ಮಾತು. ಅದನ್ನು ಅರಕಲಗೂಡಿನಲ್ಲಿ ಹೇಳಿ ಮುಗಿಸದೆ ತನಗೆ ಅನ್ನ ಸೇರುವುದಿಲ್ಲ ಎಂದು ಸುವರ್ಣಮ್ಮ ಹಟ ಹಿಡಿದಳು. ಅವನು ಬೇಡವೆಂದ. "ಹೋದ ಕಣ್ಣು ಹೋಯ್ತು. ನಿಮ್ಮಪ್ಪನ ವಿಭೂತಿ ಹೆಸ್ರು ಯಾಕೆ ಕೆಡಿಸ್ತೀಯ?" ಎಂದ. ಅವಳು ಕೇಳಲಿಲ್ಲ. ದೀಪಾವಳಿಗೆ ಇಬ್ಬರೂ ಹೋದರು.

ಪಡಸಾಲೆಯಲ್ಲಿ ಪಂಚಾಕ್ಷರಯ್ಯನವರು, ಅತ್ತೆ, ದೊಡ್ಡಯ್ಯ ಎಲ್ಲ ಇದ್ದರು. ಸುವರ್ಣಮ್ಮ ಕಂಬದ ಪಕ್ಕ ನಿಂತು, ಡಾಕ್ಟರಿಗೆ ಹೇಳಿದ್ದನ್ನೆಲ್ಲ ಮತ್ತೆ ಹೇಳಿದಳು. ಮಾವನವರು ಎದ್ದು ಬಂದು ಹೊಡೆದರೂ ಸರಿ ಎಂದು ತಲೆ ತಗ್ಗಿಸಿದಳು.

ಪಂಚಾಕ್ಷರಯ್ಯನವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ವಿಭೂತಿಯಿಂದ ಕಣ್ಣು ಓಯ್ತದೇನವ್ವಾ? ಎಪ್ಪತ್ತು ವರ್ಷದಿಂದ ನಾನು ರೆಪ್ಪೆ ಮೇಲೂ ಹಚ್ಕತಾ ಇವ್ನಿ. ಪಾದೋದಕದಾಗೆ ಹುಳ ಅಂತ ಯಾವ ಡಾಕ್ಟ್ರು ಏಳಿದ್ರೂ ನಾನು ನಂಬಾಕಿಲ್ಲ."

"ನಿಜವಾಗ್ಲೂ ಮಾವ. ನನ್ನ ಕೈಯಿಂದ್ಲೇ..."

"ಗೊತ್ತಾಗ್ತದೆ ಬುಡವ್ವಾ. ಗಂಡನ ಮಾನ ಉಳಿಸೋಕೆ ನಿನ್ನ ತಲೆ ಮ್ಯಾಲೆ ಎಳಕಂತಾ ಇದ್ದೀಯ." ಮಗನ ಕಡೆ ತಿರುಗಿದರು. "ಇಂಥ ಹೆಣ್ಣು ಕಟ್ಕಂಡು ಬೀಡಿ ಸೇದಿದ್ಯಲ್ಲೋ ಮುಟ್ಠಾಳ!"

"ಅಪ್ಪಾ, ಅವ್ಳು ಹೇಳಿದ್ದು ನಿಜ" ಎಂದ ಷಡಕ್ಷರಿ.

"ನೀ ಬಾಯಿ ಮುಚ್ಚು. ನಾನೇ ಕೇಳ್ಲಿಲ್ವೇ ನಿನ್ನ ಬಾಯಿಂದ?" ಎಂದ ದೊಡ್ಡಯ್ಯ.

ಅತ್ತೆ ಬಂದು ಸೊಸೆಯ ಗಲ್ಲ ಹಿಡಿದು, ಸೆರಗಿನಲ್ಲಿ ಅವಳ ಕಣ್ಣೊರೆಸಿದರು. "ನನ್ನ ಮಗಳಿದ್ರೂ ಇಷ್ಟು ಮಾಡ್ತಿರ್ಲಿಲ್ಲ" ಎಂದರು. ಹೊರಡುವಾಗ ಅಂಗಡಿಯಿಂದ ಒಳ್ಳೆಯ ಸೀರೆ ತರಿಸಿ ಮಡಿಲಿಗಿಟ್ಟರು. ಬೇಡವೆಂದಷ್ಟೂ ಅವರ ಮೆಚ್ಚುಗೆ ಹೆಚ್ಚಾಯಿತು.

ವಾಪಸಾಗುವ ಬಸ್ಸಿನಲ್ಲಿ ಷಡಕ್ಷರಿಗೆ ನಗು ತಡೆಯಲಾಗಲಿಲ್ಲ. "ನನ್ನ ಸುಳ್ಳನ್ನ ಒಂದೇ ಮಾತಿಗೆ ನಂಬಿದ್ರು. ನೀ ಅಷ್ಟು ಹೇಳಿದ್ರೂ ನಿನ್ನ ನಿಜ ಒಬ್ರಿಗೂ ಹತ್ತಲಿಲ್ವಲ್ಲೇ!"

ಸುವರ್ಣಮ್ಮ ನಗಲಿಲ್ಲ. ಮಡಿಲಲ್ಲಿದ್ದ ಸೀರೆಯ ಕೆಳಗೆ ಕೈಗಳನ್ನು ತೂರಿಸಿಕೊಂಡಿದ್ದಳು. "ನೀವಾದ್ರೂ ಒಂದು ಸಲ ಬೈರಿ" ಎಂದಳು. "ಬೈದ್ಬುಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವನ ನಗು ನಿಂತಿತು. ಕಿಟಕಿಯಾಚೆ ಹೊಲಗಳು ಹಿಂದೆ ಹಿಂದೆ ಹೋಗುತ್ತಿದ್ದವು. ಅವನು ಅವುಗಳನ್ನು ಬಲಗಣ್ಣಿನಿಂದ ನೋಡುತ್ತಿದ್ದ. ಹೂ ಬಿದ್ದ ಕಣ್ಣು ಅವಳ ಕಡೆಗಿತ್ತು.

"ಬೈಯೋಕೆ ನಂಗೂ ಬತ್ತದೆ ಸುವರ್ಣಾ," ಎಂದ. "ಒಂದೊಂದು ದಿವ್ಸ ಬಾಯಿ ತನಕ ಬಂದದೆ. ಆದ್ರೆ ನಿಂಗೆ ಹಗುರಾಗ್ಲಿ ಅಂತ ನಾ ಬೈಯಾಕಿಲ್ಲ. ಕಣ್ಣು ಹೋದದ್ದು ನಂದು. ನಂಗೆ ಯಾವತ್ತು ಬೇಕನ್ನಿಸ್ತದೋ ಅವತ್ತು ಬೈತೀನಿ."

ಎಷ್ಟೋ ತಿಂಗಳ ಮೇಲೆ ಯಾರೋ ತನ್ನ ತಪ್ಪನ್ನು ತಪ್ಪೆಂದು ಒಪ್ಪಿಕೊಂಡಂತಾಯಿತು ಅವಳಿಗೆ. ಆಗಲಿ, ಕಾಯುತ್ತೇನೆ ಎಂದುಕೊಂಡಳು.

ಮೂರು ವರ್ಷ ಕಾದಳು. ಅವನು ಬೈಯಲಿಲ್ಲ.